ಹಳೆಯ ಡಬ್ಬ, ಗಡಿಗೆ, ಸೀಸೆಗಳಲ್ಲಿ ಕಾಳು ಮತ್ತು ಬೀಜದ ರಕ್ಷಣೆ

(ರೈತರೂ ಗೃಹಿಣಿಯರೂ ಕೂಡಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೆಳೆಯನ್ನು ಹೊಲದಲ್ಲಿ ಕಾಪಾಡುವ ವಿಚಾರವಾಗಿ ರೈತನಿಗೆ ಉಪದೇಶಮಾಡುವವರು ಬಹುಮಂದಿ ಉಂಟು. ಬೆಳೆಯು ಒಕ್ಕಣೆಯಾಗಿ ಮನೆಗೆ ಬಂದ ಮೇಲೆ ಅದರ ಗತಿ ಏನಾಯಿತೆಂದು ವಿಚಾರಿಸುವವರು ಕಡಮೆ. ಹೊಲದಲ್ಲಿ ಹಂದಿ ಬಿದ್ದು ನಾಲ್ಕು ಸಾಲು ತಿಂದರೆ ಊರೆಲ್ಲಾ ಸುದ್ದಿಯಾಗುತ್ತದೆ. ಅಟ್ಟದ ಮೇಲಿನ ಗಡಿಗೆಯಲ್ಲಿ ಅವರೆಕಾಳು ಹಿಟ್ಟಾಗಿದ್ದರೆ ಮನೆಯಾಕೆಯು ಅದನ್ನು ಮೊರದಲ್ಲಿ ಕೇರಿ, ಪುಡಿಯನ್ನು ಕೋಳಿಗೆ ಹಾಕಿ, ಯಾರಿಗೂ ಹೇಳದೆ ಸುಮ್ಮನಾಗುತ್ತಾಳೆ. ನಷ್ಟವನ್ನು ಲೆಕ್ಕ ಹಾಕಿದರೆ ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚಾಗಿರುವುದುಂಟು.

ಕಾಳನ್ನು ಕಾಪಾಡಬೇಕಾದರೆ ಹೊಸ ಪಾತ್ರೆಪದಾರ್ಥಗಳನ್ನು ಕೊಂಡುತರಬೇಕೆಂಬ ಭಾವನೆ ಅನೇಕರಲ್ಲಿದೆ. ಸಾಮಾನ್ಯ ಸಂಸಾರದ ಮಟ್ಟಿಗೆ ಇದು ಅನಾವಶ್ಯಕವಾದದ್ದು. ಎಣ್ಣೆ ಬಂದ ತಗಡಿನ ಡಬ್ಬ, ಮೂತಿ ಒಡೆದ ಗುಡಾಣ, ಔತಣದ ಮಾರನೆಯ ದಿವಸ ಬೀದಿಯಲ್ಲಿ ಉರುಳಾಡುವ ನೀರಿನ ಸೀಸೆ, ಹರಿದ ಸೈಕಲ್ ಟ್ಯೂಬು, ಹಳೆಯ ಸೀರೆ, ಗೋಣಿ ಇವೆಲ್ಲಾ ಯಾವ ಮನೆಯಲ್ಲಿಯಾದರೂ ಸಿಕ್ಕುವ ವಸ್ತುಗಳು. ಇವುಗಳನ್ನು ತಿಳಿದು ಉಪಯೋಗಿಸಿದರೆ ಒಂದು ವರ್ಷದ ಕಾಳೂ ಮುಂದಿನ ವರ್ಷದ ಬೀಜವೂ ಕೆಡದೆ ಉಳಿಯುತ್ತವೆ. ತಿಳಿಯದೆ ಉಪಯೋಗಿಸಿದರೆ ಕಾಳು ಕೆಡುವುದಲ್ಲದೆ ಮನುಷ್ಯರ ಪ್ರಾಣಕ್ಕೂ ಅಪಾಯ ಬರಬಹುದು. ಈ ಎರಡನ್ನೂ ಇಲ್ಲಿ ವಿವರಿಸಬೇಕಾಗಿದೆ.

ಕೋಲಾರ, ತುಮಕೂರು, ಹಾಸನದ ಕಡೆಯ ಬಯಲುಸೀಮೆಯಲ್ಲಿ ನಾಲ್ಕು ಎಕರೆ ಬೆದ್ದಲಿರುವ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಮುಖ್ಯವಾದ ಬೆಳೆ ರಾಗಿ. ಅದರಲ್ಲಿ ಅಕ್ಕಡಿಯಾಗಿ ಅವರೆ, ತೊಗರಿ. ಬದುವಿನ ಕಡೆ ಅಲಸಂದೆ. ಹಿಂಗಾರಿಗೆ ಒಂದಿಷ್ಟು ಹುರಳಿ. ಸಂಕ್ರಾಂತಿಯ ಹೊತ್ತಿಗೆ ಇವೆಲ್ಲಾ ಮನೆ ಸೇರುತ್ತವೆ. ರಾಗಿಯ ವಿಷಯದಲ್ಲಿ ಹೆಚ್ಚಿನ ಚಿಂತೆಯಿಲ್ಲ. ಅದರ ಕಾಳು ಬಹಳ ಸಣ್ಣದಾದುದರಿಂದ ಹುಳುವಿಗೆ ಒಳಗೆ ಮನೆಮಾಡಿಕೊಳ್ಳಲು ಎಡೆಯಿಲ್ಲ. ಚೆನ್ನಾಗಿ ಒಣಗಿಸಿ ಇಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಹಿಂದಿನವರು ಅದನ್ನು ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿ ಬರಗಾಲಕ್ಕೆಂದು ಇಟ್ಟುಕೊಳ್ಳುತ್ತಿದ್ದುದು ಎಲ್ಲರೂ ಬಲ್ಲ ವಿಷಯ. ಕಷ್ಟವೆಲ್ಲಾ ಅವರೆ, ತೊಗರಿ, ಅಲಸಂದೆ, ಹೆಸರು ಮುಂತಾದ ದ್ವಿದಳಧಾನ್ಯಗಳದ್ದು.

ಈ ಕಾಳುಗಳನ್ನು ಕೆಡಿಸುವುದು ಕಂದುಬಣ್ಣದ ಒಂದು ಸಣ್ಣ ದುಂಬಿ. ಇದು ಬಹುಮಟ್ಟಿಗೆ ಹೊಲದಿಂದಲೇ ಬರುತ್ತದೆ. ಕಾಯಿ ಬಲಿತು ಒಣಗುವ ಕಾಲದಲ್ಲಿ ಅದರ ಮೇಲೆ ಮೊಟ್ಟೆಯಿಟ್ಟಿರುತ್ತದೆ. ಕಾಳಿನೊಳಗೆ ಸೇರಿದ ಮರಿಹುಳು ಕಾಳಿನ ಜೊತೆಯಲ್ಲಿಯೇ ಕಣವನ್ನೂ ಮನೆಯನ್ನೂ ಸೇರುತ್ತದೆ. ಹೊರಗಿನಿಂದ ನೋಡಿದರೆ ಕಾಳು ಗಟ್ಟಿಯಾಗಿಯೇ ಇರುತ್ತದೆ. ಬೇಸಗೆಯ ಸೆಕೆಯಲ್ಲಿ ಸುಮಾರು ನಾಲ್ಕು ವಾರಗಳಲ್ಲಿ ಒಂದು ತಲೆಮಾರು ಮುಗಿದು, ಕಾಳಿನಲ್ಲಿ ಗುಂಡಗೆ ತೂತುಮಾಡಿಕೊಂಡು ದುಂಬಿ ಹೊರಬರುತ್ತದೆ. ಹೊರಬಂದ ದುಂಬಿ ಕಾಳನ್ನು ತಿನ್ನುವುದಿಲ್ಲ. ಹತ್ತು ಹನ್ನೆರಡು ದಿವಸ ಬದುಕಿದ್ದು, ಕಾಳಿನ ಮೇಲೆ ಬಿಳಿಯ ಚುಕ್ಕೆಗಳಂತೆ ಮೊಟ್ಟೆಗಳನ್ನು ಅಂಟಿಸಿ ಸಾಯುತ್ತದೆ. ಒಂದು ಹೆಣ್ಣು 80 ಮೊಟ್ಟೆ ಇಟ್ಟಿತೆಂದೂ, ಅವುಗಳಲ್ಲಿ ಅರ್ಧ ಹೆಣ್ಣೆಂದೂ, ಎಲ್ಲವೂ ಬದುಕಿದವೆಂದೂ ಲೆಕ್ಕವಿಟ್ಟರೆ ಎರಡನೆಯ ತಲೆಮಾರಿಗೆ 3,200, ಮೂರನೆಯದಕ್ಕೆ 1,28,000 ಹುಳುಗಳಾಗುತ್ತವೆ. ಎಲ್ಲವೂ ಬದುಕುವುದಿಲ್ಲವೆಂಬುದು ನಿಜ. ಆದರೂ ಸಂಕ್ರಾಂತಿಯಲ್ಲಿ ತುಂಬಿದ ಗಡಿಗೆಯನ್ನು ಯುಗಾದಿ ಕಳೆದ ಮೇಲೆ ತೆರೆದಾಗ ಕಾಳಿಗಿಂತ ಹುಳುವೇ ಹೆಚ್ಚಾಗಿ ಕಾಣುವುದಕ್ಕೆ ಕಾರಣವು ಈ ಲೆಕ್ಕದಲ್ಲಿದೆ. ಗಡಿಗೆಯೊಳಗೆ ಹುಳು ತಾನಾಗಿ ಹುಟ್ಟಿತೆಂದು ಹೇಳುವುದು ಸರಿಯಲ್ಲ.

ಈ ಹುಳುವನ್ನು ಕೊಲ್ಲುವುದಕ್ಕೆ ವಿಷವೇ ಬೇಕೆಂಬುದೂ ಇಲ್ಲ. ಅದಕ್ಕೆ ಗಾಳಿ ಸಿಕ್ಕದಂತೆ ಮಾಡಿದರೆ ಸಾಕು. ಕಾಳನ್ನು ಗಾಳಿಯಾಡದ ಪಾತ್ರೆಯಲ್ಲಿ ಬಾಯಿಮಟ್ಟ ತುಂಬಿ ಮುಚ್ಚಿದರೆ, ಒಳಗಿರುವ ಹುಳುಗಳೇ ಉಸಿರಾಡಿ ಉಸಿರಾಡಿ ಅಲ್ಲಿನ ಆಮ್ಲಜನಕವನ್ನು ಮುಗಿಸುತ್ತವೆ. ಅದು ಕಡಮೆಯಾಗುತ್ತಲೂ ಮರಿಹುಳು ತಿನ್ನುವುದನ್ನು ನಿಲ್ಲಿಸುತ್ತದೆ. ಒಣಕಾಳಿನೊಳಗೆ ಕುಡಿಯಲು ನೀರಿಲ್ಲವಷ್ಟೆ. ಹುಳು ತನಗೆ ಬೇಕಾದ ನೀರನ್ನು ತಿಂದ ಆಹಾರದಿಂದ ಆಮ್ಲಜನಕದ ಸಹಾಯದಿಂದಲೇ ತನ್ನ ಮೈಯೊಳಗೆ ಮಾಡಿಕೊಳ್ಳುತ್ತದೆ. ಆದುದರಿಂದ ಗಾಳಿ ನಿಂತರೆ ಅದು ಕ್ರಮೇಣ ಬಾಯಾರಿ ಒಣಗಿ ಸಾಯುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ಆಫ್ರಿಕದ ಕ್ಯಾಮರೂನ್ ದೇಶದಲ್ಲಿ 1987ರಲ್ಲಿ ಆರಂಭಿಸಿದ ಕೆಲಸದಿಂದ ಈ ತತ್ತ್ವದ ಮೇಲೆ ಮೂರು ಪದರದ ಚೀಲವೊಂದು ಬಳಕೆಗೆ ಬಂದಿತು: ಒಳಗೆ ದಪ್ಪ ಪಾಲಿಥೀನಿನ ಎರಡು ಚೀಲ, ಹೊರಗೆ ಹೆಣೆದ ಒಂದು ಚೀಲ. ಸೆನೆಗಲ್ ದೇಶದ ರೈತರು ಅಲಸಂದೆಯನ್ನು ಉಕ್ಕಿನ ಪೀಪಾಯಿಗಳಲ್ಲಿ ತುಂಬಿ ಮುಚ್ಚುವ ರೂಢಿಯೂ ಇದೇ ತತ್ತ್ವದ್ದು. ಹಗೇವಿನ ಗುಟ್ಟೂ ಇದರಲ್ಲಿಯೇ ಇದೆ. ಹಗೇವನ್ನು ತೆರೆದ ಕೂಡಲೇ ಒಳಗೆ ಇಳಿದವರು ಪ್ರಾಣ ಕಳೆದುಕೊಂಡದ್ದು ಒಳಗಿನ ಗಾಳಿ ಹೀಗೆ ಕೆಟ್ಟಿದ್ದುದರಿಂದಲೇ.

ಹಾಗಾದರೆ ಹಳೆಯ ತಗಡಿನ ಡಬ್ಬವು ಬಡವನ ಹಗೇವು ಎಂದರೆ ತಪ್ಪಾಗದು. ಹಿಂದೆ ಸೀಮೆಎಣ್ಣೆಯು ನಾಲ್ಕು ಗ್ಯಾಲನ್, ಎಂದರೆ ಸುಮಾರು 18 ಲೀಟರ್ ಹಿಡಿಯುವ ಡಬ್ಬಗಳಲ್ಲಿ ಬರುತ್ತಿದ್ದಿತು. ಈಚೆಗೆ ಅದೇ ಆಕಾರದ ಡಬ್ಬಗಳು ಅಡಿಗೆ ಎಣ್ಣೆಯವು. ಅಂಥ ಒಂದು ಡಬ್ಬದಲ್ಲಿ ತೊಗರಿಯಾದರೆ ಸುಮಾರು 14 ಕಿಲೋ ಹಿಡಿಯುತ್ತದೆ. ತೊಗರಿಯನ್ನೇ ಬಿತ್ತುವ ಹೊಲಕ್ಕೆ ಎಕರೆಗೆ ಐದಾರು ಕಿಲೋ ಬೀಜ ಬೇಕಾಗುವುದರಿಂದ ಒಂದು ಡಬ್ಬವು ಎರಡು ಎಕರೆಯ ಬಿತ್ತನೆಗೆ ಸಾಕಾಗುತ್ತದೆ. ಡಬ್ಬವನ್ನು ಮೊದಲು ಬಿಸಿನೀರು ಮತ್ತು ಒಲೆಯ ಬೂದಿಯಿಂದ ಎರಡು ಮೂರಾವೃತ್ತಿ ಉಜ್ಜಿ ತೊಳೆದು, ಬೋರಲುಹಾಕಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಮೂಸಿದರೆ ಸೀಮೆಎಣ್ಣೆಯ ವಾಸನೆ ಇನ್ನೂ ಇರುವ ಡಬ್ಬವು ತಿನ್ನುವ ಕಾಳಿಗೆ ಬೇಡ. ಆಮೇಲೆ ಅದನ್ನು ಕತ್ತಲೆಯ ಕೋಣೆಯ ಬಾಗಿಲಲ್ಲಿ ಹಿಡಿದು, ತಲೆಯ ಮೇಲೆ ಬಟ್ಟೆ ಮುಸುಕಿಕೊಂಡು, ಬಾಯಿಂದ ಒಳಗೆ ನೋಡಿದರೆ ತೂತುಗಳಿದ್ದ ಕಡೆ ಬೆಳಕು ಚುಕ್ಕೆಯಾಗಿ ಕಾಣುತ್ತದೆ. ಬೆಸುಗೆ ಹಾಕುವವನು ಸಿಕ್ಕಿದರೆ ಅವನಿಂದ ಮುಚ್ಚಿಸಬಹುದು. ಇಲ್ಲವಾದರೆ ಅರಗನ್ನು ಕರಗಿಸಿ ತುಂಬಿದರೂ ನಡೆಯುತ್ತದೆ.

ಮುಚ್ಚಳವೇ ಮುಖ್ಯ. ಅನೇಕ ಮನೆಗಳಲ್ಲಿ ಡಬ್ಬದ ಮೇಲುಭಾಗವನ್ನು ಪೂರಾ ಕತ್ತರಿಸಿ ತೆಗೆದು, ಮೇಲೆ ಒಂದು ಹಲಗೆ ಇಟ್ಟಿರುತ್ತಾರೆ. ಅದು ಇಲಿಗೆ ಅಡ್ಡಿಯಾದೀತು, ಗಾಳಿಗೆ ಅಡ್ಡಿಯಲ್ಲ. ಒತ್ತಿ ಕೂರುವ ಮುಚ್ಚಳವಿರುವ ಡಬ್ಬವನ್ನೇ ಆರಿಸಬೇಕು. ಹಳೆಯ ಸೈಕಲ್ ಟ್ಯೂಬನ್ನು ಎರಡು ಅಂಗುಲ ಅಗಲದ ಪಟ್ಟಿಯಾಗಿ ಕತ್ತರಿಸಿ ಮುಚ್ಚಳ ಸೇರುವ ಕಡೆ ಎಳೆದು ಸುತ್ತಿ, ಅದರ ಮೇಲೆ ದಾರ ಬಿಗಿದರೆ ಸಂದು ಚೆನ್ನಾಗಿ ಮುಚ್ಚುತ್ತದೆ. ಜೇನುಮೇಣ ಸಿಕ್ಕುವವರು ಅದನ್ನು ಸಂದಿಗೆ ಬಳಿಯಬಹುದು. ಜೇಡಿಮಣ್ಣನ್ನೂ ಸಗಣಿಯನ್ನೂ ಕಲಸಿ ಮೆತ್ತುವ ರೂಢಿಯು ಒಳ್ಳೆಯದೇ ಆದರೂ, ಒಣಗಿದ ಮೇಲೆ ಅದು ಸೀಳು ಬಿಡುವುದರಿಂದ ಎರಡನೆಯ ದಿವಸ ಮತ್ತೊಂದು ಕೈ ಬಳಿಯಬೇಕಾಗುತ್ತದೆ. ಈ ಎರಡನೆಯ ಕೈಯನ್ನು ಬಿಡುವವರೇ ಹೆಚ್ಚು.

ಪಾತ್ರೆಯನ್ನು ಪೂರ್ತಿ ತುಂಬುವುದೂ ಅಷ್ಟೇ ಅವಶ್ಯಕವಾದದ್ದು. ಅರ್ಧ ತುಂಬಿದ ಡಬ್ಬದಲ್ಲಿ ಹುಳುವಿಗೆ ಬೇಕಾದಷ್ಟು ಗಾಳಿ ಉಳಿದಿರುತ್ತದೆ. ದಿನವೂ ತೆರೆದು ಒಂದು ಪಾವು ತೆಗೆಯುವ ಡಬ್ಬದಲ್ಲಿಯಂತೂ ದಿನವೂ ಹೊಸ ಗಾಳಿ ಸೇರುತ್ತದೆ. ಆದಕಾರಣ ಈ ಕಾಳುಗಳಿಗೆ ಒಂದು ದೊಡ್ಡ ವಾಡೆಗಿಂತ ಹತ್ತು ಸಣ್ಣ ಡಬ್ಬಗಳು ಮೇಲು. ತಿಂಗಳಿಗೆ ಒಂದನ್ನು ತೆರೆದರೆ ಉಳಿದವುಗಳು ಮುಚ್ಚಿಯೇ ಇರುತ್ತವೆ. ದೊಡ್ಡ ಕಣಜ ಮನೆತನಕ್ಕೆ ಮರ್ಯಾದೆ ಎಂಬ ಮಾತು ರಾಗಿ ಭತ್ತಗಳಿಗೆ ಸಲ್ಲತಕ್ಕದ್ದು, ಅವರೆ ತೊಗರಿಗಳಿಗಲ್ಲ. ಸಾಲುಗೂಡದ ಹಳೆಯ ಡಬ್ಬಗಳನ್ನು ಗೋಡೆಗೆ ಜೋಡಿಸಿಟ್ಟರೆ ನೋಟಕ್ಕೆ ಅಂದವಿಲ್ಲವೆಂದು ಹೇಳುವವರು ಹೊರಮೈಗೆ ಸುಣ್ಣ ಬಳಿದು, ಯಾವ ಕಾಳು, ಯಾವ ತಿಂಗಳು ತುಂಬಿದ್ದು ಎಂಬುದನ್ನು ಇದ್ದಿಲಿನಿಂದ ಬರೆದಿಡಲಿ. ಬರೆಯುವುದು ಅಂದಕ್ಕಲ್ಲದಿದ್ದರೂ ಬಹಳ ಉಪಯೋಗದ ಕೆಲಸ. ಬೀಜಕ್ಕಿಟ್ಟ ಅವರೆಯನ್ನು ಹೊಸದಾಗಿ ಬಂದ ಸೊಸೆ ತಿಳಿಯದೆ ಸಾರಿಗೆ ಹಾಕಿದ ಪ್ರಸಂಗಗಳು ಎಷ್ಟೋ ಮನೆಗಳಲ್ಲಿ ಅತ್ತೆಸೊಸೆಯರ ಜಗಳಕ್ಕೆ ಕಾರಣವಾಗಿವೆ.

ಮಣ್ಣಿನ ಗಡಿಗೆ ಗುಡಾಣಗಳಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಗಾಳಿಯೂ ತೇವವೂ ಒಳಗೆ ನುಸುಳುತ್ತವೆ. ನೀರು ತಂಪಾಗುವ ಗುಣವೇ ಕಾಳಿಗೆ ದೋಷ. ಹೊರಮೈಗೆ ಎಣ್ಣೆಬಣ್ಣವನ್ನು ಎರಡು ಸಾರಿ ಬಳಿದು ಒಣಗಿಸಿದರೆ ಈ ದೋಷ ಬಹುಮಟ್ಟಿಗೆ ಹೋಗುತ್ತದೆ. ಬಣ್ಣವು ಹೊರಗೆ ಮಾತ್ರ, ಒಳಗೆ ಬಳಿಯಬಾರದು. ಬಣ್ಣ ಬಳಿಯದ ಗಡಿಗೆಯನ್ನೇ ಉಪಯೋಗಿಸಬೇಕಾದವರು ಕಾಳಿನ ಮೇಲೆ ಎರಡು ಮೂರು ಅಂಗುಲ ಒಣಮರಳನ್ನೋ ಬೂದಿಯನ್ನೋ ಹರಡುವ ಹಳೆಯ ಪದ್ಧತಿಯನ್ನು ಬಿಡಬಾರದು. ಮೊಟ್ಟೆಯಿಡಲು ಬರುವ ದುಂಬಿಗೆ ಅದು ದಾರಿ ಕಟ್ಟುತ್ತದೆ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸುವುದೂ ಇದೇ ಉದ್ದೇಶದ್ದು. ಇನ್ನೊಂದು ಸುಲಭವಾದ ಕ್ರಮವೆಂದರೆ ಕಾಳಿಗೆ ಎಣ್ಣೆ ಹಚ್ಚುವುದು. ಒಂದು ಕಿಲೋ ಕಾಳಿಗೆ ಐದು ಮಿಲಿಲೀಟರ್, ಎಂದರೆ ಒಂದು ಸಣ್ಣ ಚಮಚದಷ್ಟು ಹರಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆಯನ್ನು ಹಾಕಿ, ಎಲ್ಲಾ ಕಾಳಿಗೂ ತಗಲುವಂತೆ ಕೈಯಿಂದ ತಿಕ್ಕಿದರೆ, ಅಂಟಿರುವ ಮೊಟ್ಟೆಗಳು ಉಸಿರುಕಟ್ಟಿ ಸಾಯುತ್ತವೆ. ಬೇವಿನೆಣ್ಣೆ, ಹೊಂಗೆಯೆಣ್ಣೆಗಳನ್ನು ಬೀಜದ ಕಾಳಿಗೆ ಮಾತ್ರ ಹಚ್ಚಬೇಕು. ತಿನ್ನುವ ತೊಗರಿಯನ್ನು ಬೇಗನೆ ಒಡೆದು ಬೇಳೆಮಾಡಿ ಇಡುವುದು ಎಲ್ಲಕ್ಕಿಂತ ಜಾಣತನ; ಇಡೀ ಕಾಳಿಗೆ ಬೀಳುವಂತೆ ಈ ಹುಳು ಬೇಳೆಗೆ ಬೀಳುವುದಿಲ್ಲ.

ಬೇವಿನ ಸೊಪ್ಪಿನ ಮಾತು ಹೇಳದಿದ್ದರೆ ಸಭೆಯಲ್ಲಿನ ಹಿರಿಯರು ಒಪ್ಪಲಾರರು. ಬೇವು, ಲಕ್ಕಿ, ಹೊಂಗೆಯ ಸೊಪ್ಪುಗಳು ಹುಳುವನ್ನು ತಕ್ಕಮಟ್ಟಿಗೆ ದೂರವಿಡುತ್ತವೆಂಬುದು ಸರಿಯೇ. ಆದರೆ ಹಸಿಯ ಸೊಪ್ಪನ್ನು ಕಿತ್ತು ತಂದು ಕಾಳಿನ ನಡುವೆ ತುಂಬುವುದರಿಂದ ಕಾಳಿಗೆ ತೇವ ಸೇರಿ ಬೂಷ್ಟು ಹಿಡಿಯುತ್ತದೆ. ಸೊಪ್ಪನ್ನು ನೆರಳಿನಲ್ಲಿ ಗರಿಗರಿಯಾಗುವಂತೆ ಒಣಗಿಸಿಯೇ ಹಾಕಬೇಕು.

ಇಷ್ಟು ಹೇಳಿದ ಮೇಲೆ ಒಣಗಿಸುವ ವಿಷಯವಾಗಿ ಒತ್ತಿ ಹೇಳಬೇಕಾದದ್ದು ಬಹಳವಿದೆ. ಗಾಳಿಯಾಡದ ಪಾತ್ರೆಯು ಒಣಗಿದ ಕಾಳನ್ನು ಹೇಗೆ ಕಾಪಾಡುವುದೋ ಹಾಗೆಯೇ ಒಣಗದ ಕಾಳನ್ನು ಕೆಡಿಸುತ್ತದೆ. ತೇವವು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ನಿಂತು ಬೂಷ್ಟು ಬೆಳೆಯುತ್ತದೆ. ಬೀಜವಾದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಬೂಷ್ಟು ಬರಿಯ ವಾಸನೆಯ ತೊಂದರೆಯೆಂದು ತಿಳಿಯಬಾರದು. ಕಡಲೆಕಾಯಿ, ಮುಸುಕಿನ ಜೋಳಗಳ ಮೇಲೆ ಬೆಳೆಯುವ ಒಂದು ಜಾತಿಯ ಹಸುರು ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಗಡಿಯ ಹಳ್ಳಿಗಳಲ್ಲಿ, ಅಕಾಲದ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮುಸುಕಿನ ಜೋಳವನ್ನು ಉಂಡ ಬಡವರು ಪಿತ್ತಜನಕಾಂಗದ ರೋಗಕ್ಕೆ ತುತ್ತಾಗಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಬೇಯಿಸುವುದರಿಂದ ಈ ವಿಷ ಹೋಗುವುದಿಲ್ಲ.

ಧಾನ್ಯದಲ್ಲಿ ತೇವವು ನೂರಕ್ಕೆ 12ಕ್ಕೂ, ದ್ವಿದಳಕಾಳುಗಳಲ್ಲಿ 9, 10ಕ್ಕೂ ಮೀರಬಾರದು. ಇದನ್ನು ಅಳೆಯುವ ಯಂತ್ರ ರೈತನಲ್ಲಿಲ್ಲದಿದ್ದರೂ ಒಂದು ಹಳೆಯ ಗಾಜಿನ ಸೀಸೆಯು ಸ್ವಲ್ಪಮಟ್ಟಿಗೆ ಆ ಕೆಲಸ ಮಾಡುತ್ತದೆ. ಪೂರ್ತಿ ಒಣಗಿದ ಸೀಸೆಯಲ್ಲಿ ಕಾಲುಭಾಗ ಕಾಳನ್ನೂ, ಹೆಂಚಿನ ಮೇಲೆ ಬಿಸಿಮಾಡಿ ಆರಿಸಿದ ಎರಡು ಮೂರು ಚಮಚ ಪುಡಿಯುಪ್ಪನ್ನೂ ಹಾಕಿ, ಬಿರಡೆಯಿಟ್ಟು ಒಂದು ನಿಮಿಷ ಅಲುಗಾಡಿಸಿ, ಹತ್ತು ನಿಮಿಷ ಬಿಟ್ಟು ನೋಡಬೇಕು. ಉಪ್ಪು ಸೀಸೆಯ ಒಳಗೋಡೆಗೆ ಅಂಟಿಕೊಂಡರೆ ಕಾಳಿನಲ್ಲಿ ತೇವವು ನೂರಕ್ಕೆ 15ಕ್ಕೂ ಮೀರಿದೆಯೆಂದು ತಿಳಿಯಬಹುದು. ಅಂಟದಿದ್ದರೂ ಕೂಡಲೇ ತುಂಬದೆ ಇನ್ನು ಎರಡು ದಿವಸ ಬಿಸಿಲು ತೋರಿಸುವುದು ಒಳ್ಳೆಯದು. ಹಲ್ಲಿನಿಂದ ಕಡಿದು ಕಟಕ್ಕೆನ್ನುವ ಶಬ್ದ ಕೇಳುವ ಹಳೆಯ ಪರೀಕ್ಷೆಯನ್ನೂ ಬಲ್ಲವರು ಮಾಡಲಿ.

ಸಾಧಾರಣ ಬಿಸಿಲಿಗೆ ದುಂಬಿಗಳು ಓಡಿಹೋಗುತ್ತವೆ, ಕಾಳಿನೊಳಗಿನ ಮರಿ ಸಾಯುವುದಿಲ್ಲ. ತಿನ್ನುವ ಕಾಳಿಗೆ ಹೆಚ್ಚಿನ ಕಾವು ಕೊಡಬೇಕಾದರೆ ಕಪ್ಪು ಬಟ್ಟೆ ಅಥವಾ ಕಪ್ಪು ಪಾಲಿಥೀನ್ ಹಾಳೆಯ ಮೇಲೆ ಕಾಳನ್ನು ತೆಳ್ಳಗೆ ಹರಡಿ, ಮೇಲೆ ಪಾರದರ್ಶಕವಾದ ಹಾಳೆಯನ್ನು ಹೊದಿಸಿ, ಅಂಚಿಗೆ ಕಲ್ಲು ಹೇರಿ, ಮಾಘ ಫಾಲ್ಗುಣದ ನಡುಹಗಲಿನ ಬಿಸಿಲಿನಲ್ಲಿ ಮೂರು ನಾಲ್ಕು ಗಂಟೆ ಬಿಡಬೇಕು. 57 ಡಿಗ್ರಿ ಸೆಂಟಿಗ್ರೇಡ್ ಕಾವಿನಲ್ಲಿ ಒಂದು ಗಂಟೆಯಿದ್ದರೆ ಮೊಟ್ಟೆ ಮರಿಗಳೆಲ್ಲಾ ಸಾಯುತ್ತವೆ. ಒಣಗಿಸಿದ ಕಾಳನ್ನು ಬಿಸಿಯಾಗಿರುವಾಗಲೇ ತುಂಬಬಾರದು. ಬಿಸಿಲು ಇಳಿದ ಮೇಲೆ ಆರಿಸಿ, ಇಬ್ಬನಿ ಬೀಳುವ ಮುಂಚೆ ತುಂಬಬೇಕು. ತುಂಬಿದ ಡಬ್ಬವನ್ನು ಪಶ್ಚಿಮದ ಬಿಸಿಲು ಹೊಡೆಯುವ ಗೋಡೆಗೆ ತಗಲಿಸಿ ಇಟ್ಟರೆ ಹಗಲು ಕಾದು ರಾತ್ರಿ ತಣಿದು ಒಳಗೆ ಬೆವರು ಕೂಡುತ್ತದೆ. ಆದುದರಿಂದ ನಡುಮನೆಯ ತಂಪಾದ ಜಾಗವೇ ಲೇಸು. ನೆಲದ ತೇವ ಏರದಂತೆ ಕೆಳಗೆ ಇಟ್ಟಿಗೆಯನ್ನೋ ಹಳೆಯ ಗಾಡಿಯ ಹಲಗೆಯನ್ನೋ ಹಾಕಬೇಕು.

ತರಕಾರಿ ಬೀಜಗಳಿಗೆ ಗಾಜಿನ ಸೀಸೆಗಿಂತ ಉತ್ತಮವಾದ ಪಾತ್ರೆಯಿಲ್ಲ. ಹಿಂದೆ ಸೋರೆಬುರುಡೆಯಲ್ಲಿ ಬೀಜವಿಟ್ಟು ಒಲೆಯ ಮೇಲುಗಡೆ ಹೊಗೆ ತಗಲುವಂತೆ ನೇತುಹಾಕುತ್ತಿದ್ದರು. ಒಲೆಯ ಹೊಗೆಯೇ ಇಲ್ಲದ ಅಡಿಗೆಮನೆಗಳಲ್ಲಿ ಆ ಕ್ರಮ ಸಾಗುವಂತಿಲ್ಲ. ಔಷಧದ ಅಂಗಡಿಯಿಂದ ಬಂದ ಸೀಸೆ, ಉಪ್ಪಿನಕಾಯಿಯ ಸೀಸೆ, ಯಾವುದಾದರೂ ತೊಳೆದು ಒಣಗಿಸಿದರೆ ಆಗುತ್ತದೆ. ತಳದಲ್ಲಿ ಚೆನ್ನಾಗಿ ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟರೆ ಅದು ಉಳಿದ ತೇವವನ್ನು ಹೀರಿಕೊಳ್ಳುತ್ತದೆ. ಬೀಜದ ತೇವವು ನೂರಕ್ಕೆ ಒಂದರಷ್ಟು ಇಳಿದರೆ ಅದರ ಆಯುಸ್ಸು ಸುಮಾರು ಇಮ್ಮಡಿಯಾಗುತ್ತದೆಂಬ ಲೆಕ್ಕವನ್ನು ಬೀಜಶಾಸ್ತ್ರಜ್ಞರು ಕೊಟ್ಟಿದ್ದಾರೆ. ಈರುಳ್ಳಿ ಬೀಜವು ಸಾಧಾರಣವಾಗಿ ಒಂದು ವರ್ಷಕ್ಕೇ ಶಕ್ತಿಗುಂದುವುದರಿಂದ ಅದನ್ನು ಹೀಗೆ ಇಡುವುದು ಬಹಳ ಅವಶ್ಯಕ. ಟೊಮೆಟೊ ಮೂರು ನಾಲ್ಕು ವರ್ಷ ತಡೆಯುತ್ತದೆ. ನೀರಿನ ಪ್ಲಾಸ್ಟಿಕ್ ಸೀಸೆಗಳೂ ಆಗಬಹುದು. ಒಂದು ಲೀಟರಿನ ಸೀಸೆ ಮುಕ್ಕಾಲು ಕಿಲೋ ಹೆಸರನ್ನು ಹಿಡಿಯುತ್ತದೆ, ಮುಚ್ಚಳವೂ ಬಿಗಿಯಾಗಿರುತ್ತದೆ. ಆದರೆ ಇಲಿ ಕಡಿಯುತ್ತದೆ. ಬೀರುವಿನಲ್ಲಿಯೋ ಮುಚ್ಚಳವಿರುವ ಪೆಟ್ಟಿಗೆಯಲ್ಲಿಯೋ ಇಡಬೇಕು.

ಇಲಿಯ ಮಾತು ಬಂದುದರಿಂದ ಹರಿದ ಡಬ್ಬದ ಉಪಯೋಗವನ್ನೂ ಹೇಳಬಹುದು. ಕಣಜವನ್ನು ಮರದ ಕಾಲುಗಳ ಮೇಲೆ ನಿಲ್ಲಿಸುವವರು ಡಬ್ಬದ ತಗಡನ್ನು ಬಿಡಿಸಿ ಮಗುಚಿದ ಕೊಳವೆಯ ಆಕಾರದಲ್ಲಿ ಪ್ರತಿಯೊಂದು ಕಾಲಿಗೂ ತೊಡಿಸಿದರೆ ಇಲಿ ಏರಲಾರದು. ತಗಡು ನೆಲದಿಂದ ಮೂರಡಿಗೆ ಕಡಮೆಯಿರಬಾರದು. ಅದಕ್ಕಿಂತ ಕೆಳಗಿದ್ದರೆ ಇಲಿ ನೆಗೆದು ದಾಟುತ್ತದೆ. ಪಕ್ಕದಲ್ಲಿ ನೇಗಿಲನ್ನೋ ಏಣಿಯನ್ನೋ ಒರಗಿಸಿಟ್ಟು ಇಲಿಗೆ ಸೋಪಾನ ಕಟ್ಟಿಕೊಡಲೂಬಾರದು.

ಉಪ್ಪು, ಹುಣಿಸೆಹಣ್ಣು, ಬೆಲ್ಲ ಇವು ತಗಡನ್ನು ತಿನ್ನುವುದರಿಂದ ಅವಕ್ಕೆ ಪಿಂಗಾಣಿ ಜಾಡಿಯೇ ಸರಿ. ಮುಚ್ಚಳ ಒಡೆದಿದ್ದರೆ ಹಳೆಯ ಸೀರೆಯ ತುಂಡನ್ನು ಎರಡು ಮಡಿಕೆಯಾಗಿ ಕಟ್ಟಬಹುದು. ಕುಡುಗೋಲುಗಳನ್ನು ಸೂರಿನಲ್ಲಿ ಸಿಕ್ಕಿಸಿ ಮಕ್ಕಳ ಕೈಗೆ ಸಿಗುವಂತೆ ಬಿಡುವ ಬದಲು ಉದ್ದ ಬಿದಿರನ್ನು ಅಡ್ಡಲಾಗಿ ಕಟ್ಟಿ, ಸೀಳಿದ ಸಂದಿನಲ್ಲಿ ಅಲಗನ್ನು ಸೇರಿಸಿಡಲಿ. ಮೊಳೆ, ತಿರುಪು, ಕೂರಿಗೆಯ ಬಿಡಿಭಾಗಗಳಿಗೆ ತಿರುಪಿನ ಮುಚ್ಚಳದ ಸೀಸೆಗಳು ಅನುಕೂಲ. ಮುಚ್ಚಳವನ್ನು ಅಟ್ಟದ ಹಲಗೆಯ ಕೆಳಗಡೆ ಮೊಳೆಹೊಡೆದು, ಸೀಸೆಯನ್ನು ಕೆಳಗಿನಿಂದ ತಿರುಗಿಸಿ ಹಾಕಿದರೆ ಜಾಗವೂ ಉಳಿಯುತ್ತದೆ, ಒಳಗೇನಿದೆಯೆಂಬುದೂ ಕಾಣುತ್ತದೆ. ಹಗ್ಗಗಳಿಗೆ ಸವೆದ ಟಯರು ಸಾಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಯಾವ ಡಬ್ಬದಲ್ಲಿ, ಸೀಸೆಯಲ್ಲಿ, ಪೀಪಾಯಿಯಲ್ಲಿ ಬೆಳೆಗೆ ಹೊಡೆಯುವ ಕ್ರಿಮಿನಾಶಕವು ಒಂದು ಸಾರಿಯಾದರೂ ಇದ್ದಿತೋ ಅದು ಮನುಷ್ಯರ ಅಥವಾ ದನಕರುಗಳ ಆಹಾರಕ್ಕಾಗಲಿ ನೀರಿಗಾಗಲಿ ಎಂದಿಗೂ ಉಪಯೋಗವಾಗಕೂಡದು. ಎಷ್ಟು ತೊಳೆದರೂ ಆಗದು. ಆ ಡಬ್ಬಗಳು ಗಟ್ಟಿಯಾಗಿರುತ್ತವೆ, ಮುಚ್ಚಳ ಬಿಗಿಯಾಗಿರುತ್ತದೆ, ಹಿಡಿಯುವುದಕ್ಕೆ ಅನುಕೂಲವಾಗಿರುತ್ತವೆ. ಅದೇ ಕಾರಣದಿಂದ ಅವನ್ನು ಬಿಸಾಡಲು ಗೃಹಿಣಿಗೆ ಮನಸ್ಸು ಬರುವುದಿಲ್ಲ. 1958ರಲ್ಲಿ ಕೇರಳದಲ್ಲಿ ಪಾರಥಿಯಾನ್ ಎಂಬ ಕ್ರಿಮಿನಾಶಕದ ಜೊತೆಯಲ್ಲಿ ಸಾಗಿಬಂದ ಗೋಧಿಹಿಟ್ಟನ್ನು ಉಂಡು ನೂರಕ್ಕೂ ಹೆಚ್ಚು ಮಂದಿ ಸತ್ತರು. ಹತ್ತು ವರ್ಷಗಳ ಮೇಲೆ, 1968ರಲ್ಲಿ, ಕ್ರಿಮಿನಾಶಕಗಳ ಕಾನೂನು ಹುಟ್ಟಿತು. ಕಾನೂನಿದ್ದರೂ 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಶಾಲೆಯ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮಾನೋಕ್ರೋಟೋಫಾಸ್ ಎಂಬ ವಿಷವಿದ್ದುದು ಪರೀಕ್ಷೆಯಿಂದ ತಿಳಿಯಿತು. ಎಣ್ಣೆಯನ್ನು ಕ್ರಿಮಿನಾಶಕವಿದ್ದ ಪಾತ್ರೆಯಲ್ಲಿ ಇಟ್ಟಿರಬಹುದೆಂದು ತನಿಖೆಯ ಅಧಿಕಾರಿಗಳು ಶಂಕಿಸಿದರು.

ಖಾಲಿಯಾದ ಇಂಥ ಡಬ್ಬವನ್ನು ಹೊಲದಲ್ಲಿಯೇ ಮೂರಾವೃತ್ತಿ ನೀರಿನಿಂದ ತೊಳೆದು, ಆ ನೀರನ್ನು ಸಿಂಪರಣೆಯ ತೊಟ್ಟಿಗೇ ಸುರಿದು, ಡಬ್ಬದ ತಳಕ್ಕೆ ಗುದ್ದಲಿಯಿಂದ ನಾಲ್ಕು ಕಡೆ ತೂತುಮಾಡಿಬಿಟ್ಟರೆ ಅದು ಯಾರ ಮನೆಗೂ ಹೋಗುವುದಿಲ್ಲ. ಬಾವಿ, ಹಳ್ಳಗಳ ಕಡೆಗೆ ಅದನ್ನು ಎಸೆಯಬಾರದು. ಕೃಷಿರಸಾಯನವನ್ನು ತಂಪುಪಾನೀಯದ ಸೀಸೆಗೆ ಬಗ್ಗಿಸಿಟ್ಟುಕೊಳ್ಳುವ ಕೆಟ್ಟ ರೂಢಿಯನ್ನೂ ಬಿಡಬೇಕು. ಮಕ್ಕಳಿಗೆ ಸೀಸೆಯ ಗುರುತು ಮಾತ್ರ ತಿಳಿಯುತ್ತದೆ, ಒಳಗಿರುವುದರ ಗುರುತು ತಿಳಿಯುವುದಿಲ್ಲ. ರಸಗೊಬ್ಬರದ ಚೀಲ, ಸಿಮೆಂಟಿನ ಚೀಲಗಳನ್ನು ಒಣಸಗಣಿ, ಪುಳ್ಳೆ, ಕರಟ ಮುಂತಾದವುಗಳಿಗೆ ಉಪಯೋಗಿಸಲಡ್ಡಿಯಿಲ್ಲ, ಕಾಳಿಗೆ ಬೇಡ. ಬಣ್ಣದ ಬಕೆಟ್ಟುಗಳೂ ಹಾಗೆಯೇ. ಅಂಗಡಿಯಿಂದ ತಂದ ಬೀಜಕ್ಕೆ ಕೆಂಪು, ನೀಲಿ ಮುಂತಾದ ಬಣ್ಣ ಹಚ್ಚಿದ್ದರೆ ಅದಕ್ಕೆ ವಿಷ ಲೇಪಿಸಿದೆಯೆಂದರ್ಥ. ಬಿತ್ತಿ ಉಳಿದದ್ದನ್ನು ತೊಳೆದು ಬೇಯಿಸುವ ಯೋಚನೆಯನ್ನೇ ಮಾಡಬಾರದು. ಕಾಳಿಗೆ ಹಾಕುವ ಹೊಗೆಯ ಗುಳಿಗೆಗಳನ್ನು ಜನ ಮಲಗುವ ಮನೆಯಲ್ಲಿ ಇಡುವುದು ಪ್ರಾಣಾಪಾಯಕರವಾದದ್ದು. ಪಾದರಸವನ್ನು ಧಾನ್ಯದಲ್ಲಿ ಇಡುವ ಹಳೆಯ ಕ್ರಮವನ್ನು ಕೆಲವರು ಇನ್ನೂ ಹೊಗಳುತ್ತಾರೆ. ಅದರ ಆವಿಯೂ ವಿಷವೇ ಆದುದರಿಂದ ಅದನ್ನು ಕೈಬಿಡತಕ್ಕದ್ದು.

ಬೀಜಕ್ಕಿಟ್ಟ ಡಬ್ಬವನ್ನು ಮುಂಗಾರಿಗೆ ಹದಿನೈದು ದಿವಸ ಮುಂಚಿತವಾಗಿ ತೆರೆಯಬೇಕು. ಮಳೆ ಬಿದ್ದ ಬೆಳಿಗ್ಗೆ ತೆರೆದು, ಕೆಟ್ಟಿದೆಯೆಂದು ತಿಳಿದರೆ ಆಗ ಬೇರೆ ಬೀಜ ತರುವುದಕ್ಕೆ ವೇಳೆಯಿರುವುದಿಲ್ಲ. ಡಬ್ಬದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಬೆರಸಿ, ಆರಿಸದೆಯೇ 100 ಕಾಳು ಎಣಿಸಿಕೊಳ್ಳಬೇಕು. ಒಳ್ಳೆಯ ಕಾಳನ್ನೇ ಹೆಕ್ಕಿ ಇಟ್ಟರೆ ಪರೀಕ್ಷೆ ಮಾಡಿದಂತಾಗುವುದಿಲ್ಲ. ಹಳೆಯ ಗೋಣಿಯ ತುಂಡೊಂದನ್ನು ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಆರಿದ ಮೇಲೆ ಹಿಂಡಿ, ಅದರ ಮೇಲೆ ಕಾಳುಗಳನ್ನು ಒಂದಕ್ಕೊಂದು ತಗಲದಂತೆ ಸಾಲಾಗಿ ಜೋಡಿಸಿ, ಚಾಪೆಯಂತೆ ಸುರುಳಿ ಸುತ್ತಿ ನೆರಳಿನಲ್ಲಿಡಬೇಕು. ಒಣಗದಂತೆ ಬೆಳಿಗ್ಗೆ ಸಂಜೆ ನೀರು ಚಿಮುಕಿಸಬೇಕು. ಐದಾರು ದಿವಸಕ್ಕೆ ಬಿಚ್ಚಿ, ಬೇರೂ ಮೊಳಕೆಯೂ ಸರಿಯಾಗಿ ಬಂದಿರುವುವನ್ನು ಮಾತ್ರ ಎಣಿಸಬೇಕು. ತೊಗರಿಯಲ್ಲಿ 75ಕ್ಕೆ ಕಡಮೆಯಿಲ್ಲದಿದ್ದರೆ ವಾಡಿಕೆಯಂತೆ ಬಿತ್ತಬಹುದು. 60 ಬಂದಿದ್ದರೆ ಎಕರೆಗೆ ಐದು ಕಿಲೋ ಹಾಕುವ ಕಡೆ ಆರೂಕಾಲು ಕಿಲೋ ಹಾಕಬೇಕಾಗುತ್ತದೆ. ಅದಕ್ಕೂ ಬಹಳ ಕೆಳಗಿಳಿದಿದ್ದರೆ ಆ ಡಬ್ಬವನ್ನು ಅಡಿಗೆಮನೆಗೆ ಒಪ್ಪಿಸಿ, ಉಳಿದ ಹತ್ತು ದಿವಸಗಳಲ್ಲಿ ನೆರೆಯವರಿಂದಲೋ ಬೀಜದ ಉಗ್ರಾಣದಿಂದಲೋ ಬೇರೆ ಬೀಜವನ್ನು ತಂದುಕೊಳ್ಳಬಹುದು.